ಬನ್ನಿ, ನೋಡಿ, ಕಿರುಚಿ

'ಗೊತ್ತಿಲ್ಲ' ಎಂಬ ಮಾತು ಬೀಗಣ್ಣನ ಬಾಯಿಂದ ಬಂದದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಅವನ ಹೆಂಡತಿ ಇಪ್ಪತ್ತೆರಡು ವರ್ಷದಿಂದ ಕಾದಿದ್ದಳು, ಅವಳಿಗೂ ಆ ಭಾಗ್ಯ ಸಿಕ್ಕಿರಲಿಲ್ಲ. ರೈಲು ಎಷ್ಟು ಹೊತ್ತಿಗೆ ಎಂದು ಯಾರಾದರೂ ಕೇಳಿದರೆ ಗೊತ್ತು. ಮಂಡಿ ನೋವಿಗೆ ಏನು ಹಚ್ಚಬೇಕು, ಗೊತ್ತು. ರೈಲು ತಪ್ಪಿಸಿಕೊಂಡವರು ಮಂಡಿ ಊದಿಸಿಕೊಂಡು ವಾಪಸ್ ಬಂದರೆ, ಹಾಗಾಗುತ್ತೆ ಎಂದು ಅವನಿಗೆ ಮೊದಲೇ ಗೊತ್ತಿತ್ತು.

ಅವನಿಗೆ ನಿಜವಾಗಿಯೂ ಗೊತ್ತಿದ್ದದ್ದು ಒಂದೇ ವಿಷಯ, ಬೀಗ. ಮನೆಯ ಕೆಳಗೇ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕಾದಂಥ ಅಂಗಡಿ. ಗೋಡೆ ತುಂಬ ಬೀಗದ ಕೈಗಳು. ಎಂಥ ಮೊಂಡು ಬೀಗವಾದರೂ ಸರಿ, ಕಿವಿಯ ಹತ್ತಿರ ಹಿಡಿದು, ತಂತಿ ತೂರಿಸಿ, ಉಸಿರು ಬಿಗಿಹಿಡಿದು ಆಲಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಬೀಗ ಬಾಯಿ ಬಿಡುತ್ತಿತ್ತು. ಮೂವತ್ತು ವರ್ಷ ಹೀಗೆ ಸದ್ದಿಲ್ಲದೆ ಕೆಲಸ ಮಾಡಿ ಅವನ ದನಿಯೇ ಗಂಟಲಲ್ಲಿ ಕೂತುಬಿಟ್ಟಿತ್ತು. ಗಟ್ಟಿಯಾಗಿ ಕೂಗಲು ಹೋದರೆ ಎಣ್ಣೆ ಕಾಣದ ಬಾಗಿಲಿನ ಹಾಗೆ 'ಕಿರ್' ಎನ್ನುತ್ತಿತ್ತು, ಅಷ್ಟೆ.

ಅವನು ತೆಗೆಯಬಾರದಿದ್ದ ಬೀಗ ಒಂದಿತ್ತು, ಅದನ್ನೂ ತೆಗೆದಿದ್ದ. ಎರಡು ವರ್ಷದ ಹಿಂದೆ ಮಗಳು ರೂಮಿನ ಬಾಗಿಲು ಹಾಕಿಕೊಂಡು ಏನು ಮಾಡುತ್ತಾಳೆ ಎಂದು ನೋಡುವ ಚಪಲಕ್ಕೆ ಡೂಪ್ಲಿಕೇಟ್ ಕೀ ಮಾಡಿಕೊಂಡು ಒಳಗೆ ನುಗ್ಗಿದ. ಅವಳು ಎರವಲು ತಂದ ಕ್ಯಾಮೆರಾ ಒರೆಸುತ್ತ ಕೂತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಹನ್ನೊಂದು ದಿನ ಮಾತು ಬಿಟ್ಟಳು. ಹನ್ನೆರಡನೆಯ ದಿನದಿಂದ ಬೀಗಣ್ಣ ಬಾಗಿಲು ತಟ್ಟಿ, 'ಬಾ' ಅನ್ನಿಸಿಕೊಂಡೇ ಒಳಗೆ ಹೋಗುವುದನ್ನು ಕಲಿತ. ಮಾತು ವಾಪಸ್ ಬಂತು, ಆದರೆ ಅಳೆದು ಸುರಿದ ಹಾಗೆ ಬಂತು.

ಈಗ ಅದೇ ಮಗಳು ಅದೇ ಕ್ಯಾಮೆರಾದಲ್ಲಿ ಏಳು ನಿಮಿಷದ ಫಿಲ್ಮ್ ಮಾಡಿದ್ದಳು. ಅಪ್ಪ ಮಗಳ ಕತೆ. ಅಂಗಡಿಯ ಮೂಲೆಯಲ್ಲಿ ನಿಂತು, "ನೀವು ನಿಮ್ಮ ಪಾಡಿಗೆ ಕೆಲಸ ಮಾಡ್ತಾ ಇರಿ ಅಪ್ಪ, ಈ ಕಡೆ ನೋಡ್ಬೇಡಿ" ಎಂದು ನಾಲ್ಕು ದಿನ ಚಿತ್ರ ತೆಗೆದಿದ್ದಳು. ಬೀಗಣ್ಣ ನಾಲ್ಕು ದಿನವೂ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಆ ಕಡೆಯೇ ನೋಡಿದ. ಅಂದಿನಿಂದ ಬೀಗ ರಿಪೇರಿಗಿಂತ ಬೀಗುವುದೇ ಅವನಿಗೆ ಮುಖ್ಯ ಕಸುಬಾಯಿತು.

"ಭಾನುವಾರ ಹನ್ನೊಂದಕ್ಕೆ, ಲೈಬ್ರರಿ ಹಾಲ್‌ನಲ್ಲಿ ಅಪ್ಪ. ಒಟ್ಟು ಎಂಟು ಫಿಲ್ಮ್. ಫಸ್ಟ್ ಬಂದವರಿಗೆ ಸಿನಿಮಾ ಶಾಲೇಲಿ ಒಂದು ವರ್ಷದ ಸೀಟು. ಒಂದೇ ಸೀಟು. ಅಲ್ಲಿ ಹೇಗೆ ನಡೆಯುತ್ತೆ ಅಂದ್ರೆ..."

"ಗೊತ್ತು ಬಿಡಮ್ಮ" ಎಂದ ಬೀಗಣ್ಣ. "ನನಗೇ ಹೇಳ್ಕೊಡ್ತೀಯಲ್ಲ!"

ಮಗಳು ಬಾಯಿ ಮುಚ್ಚಿಕೊಂಡು ಹಾಲ್‌ಗೆ ಹೊರಟಳು. ಆ ವಾರವೆಲ್ಲ ಅವಳಿಗೆ ಅಲ್ಲೇ ಓಡಾಟ. ಅನಾಹುತ ಶುರುವಾದದ್ದು ಹೀಗೆ.

ಮರುದಿನ ಅಂಗಡಿಯ ಎದುರು ಗೋಡೆಗೆ ಪೋಸ್ಟರ್ ಅಂಟಿತು. ಅದನ್ನು ಅಚ್ಚು ಮಾಡಿದ ಪುಣ್ಯಾತ್ಮ ಕಣ್ಣಿಗೆ ಹೊಡೆಯುವಂಥ ದಪ್ಪ ಅಕ್ಷರ ಆರಿಸಿಕೊಂಡಿದ್ದ. ಕಿರುಚಿತ್ರೋತ್ಸವ, ಅಂದರೆ ಚಿಕ್ಕ ಚಿಕ್ಕ ಚಿತ್ರಗಳ ಉತ್ಸವ. ಆದರೆ ಆ ದಪ್ಪ ಅಕ್ಷರಕ್ಕೆ ಇಡೀ ಪದ ಒಂದು ಸಾಲಿನಲ್ಲಿ ಹಿಡಿಸಲಿಲ್ಲ. ಅವನು ಕೈಗೆ ಸಿಕ್ಕ ಕಡೆ ಕತ್ತರಿಸಿ ಉಳಿದದ್ದನ್ನು ಕೆಳಗೆ ಇಳಿಸಿದ್ದ.

ಬನ್ನಿ, ನೋಡಿ,
ಕಿರುಚಿ
ತ್ರೋತ್ಸವ

ಅಡಿಯಲ್ಲಿ ಸಣ್ಣದಾಗಿ: 'ಪ್ರೇಕ್ಷಕರ ಪ್ರತಿಕ್ರಿಯೆಗೂ ಇಪ್ಪತ್ತೈದು ಅಂಕ.'

ಬೀಗಣ್ಣ ಕೀ ಉಜ್ಜುತ್ತಿದ್ದ ಅರ ಕೆಳಗಿಟ್ಟ. ಬನ್ನಿ, ಸರಿ. ನೋಡಿ, ಅದೂ ಸರಿ. ಕಿರುಚಿ? ಅಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಪೇಪರ್ ತರಲು ಬಂದವರು ಪೋಸ್ಟರ್ ಮುಂದೆ ನಿಂತರು. ಮೂವತ್ತೈದು ವರ್ಷ ವ್ಯಾಕರಣ ಕಲಿಸಿದವರು. ಅವರ ಕೈಗೆ ಸಿಕ್ಕ ಯಾವ ಪದವೂ ಅರ್ಥ ಕೊಡದೆ ಪಾರಾದದ್ದಿಲ್ಲ.

"ಏನ್ರೀ ಇದು, ನಿಮ್ಮ ಮಗಳ ಫಿಲ್ಮ್ ಇಲ್ಲೇನಾ?"

"ಹೌದು ಮೇಷ್ಟ್ರೇ. ನಿಮಗೆ ಅರ್ಥ ಆಯ್ತಲ್ಲ?" ಎಂದ ಬೀಗಣ್ಣ, ಪರೀಕ್ಷೆ ಮಾಡುವವನ ಹಾಗೆ.

ಮೇಷ್ಟ್ರು ಕನ್ನಡಕ ಏರಿಸಿದರು. "ಬನ್ನಿ, ನೋಡಿ, ಕಿರುಚಿ. ಮೂರೂ ಆಜ್ಞಾರ್ಥ. ಬಹುವಚನ. ಅಲ್ಲಿಗೆ ಸ್ಪಷ್ಟ. ಈ ತ್ರೋತ್ಸವ ಮಾತ್ರ..." ಒಂದು ನಿಮಿಷ ಕಣ್ಣು ಮುಚ್ಚಿದರು. "ಆಹಾ! ತ್ರಾಣೋತ್ಸವ! 'ಣ' ಬಿಟ್ಟುಹೋಗಿ ಏನೋ ಎಡವಟ್ಟಾಗಿದೆ. ತ್ರಾಣ ಅಂದ್ರೆ ಶಕ್ತಿ. ಮೈಯಲ್ಲಿ ತ್ರಾಣ ಇರೋ ತನಕ ಕಿರುಚೋ ಉತ್ಸವ!"

"ಅದೇ ನೋಡಿ, ನಾನೂ ಅದೇ ಹೇಳೋಣ ಅಂತಿದ್ದೆ" ಎಂದ ಬೀಗಣ್ಣ.

"ಕೆಳಗೆ ನೋಡಿ, ಪ್ರತಿಕ್ರಿಯೆಗೆ ಇಪ್ಪತ್ತೈದು ಅಂಕ. ಅಂದ್ರೆ ಜನ ಕಿರುಚಿದಷ್ಟೂ ಅಂಕ ಜಾಸ್ತಿ. ಎಷ್ಟು ಜನ ಬರ್ತಾರೆ ನಿಮ್ಮ ಕಡೆಯಿಂದ?"

ಬೀಗಣ್ಣ ಬೆರಳು ಮಡಿಚಿ ಎಣಿಸಿದ. ಅವನ ಕಡೆಯಿಂದ ಹೋಗುವವರು ಇಬ್ಬರು. ಅವನು, ಅವನ ಹೆಂಡತಿ. ಹೆಂಡತಿ ಕಿರುಚುವುದು ಅವನ ಮೇಲೆ ಮಾತ್ರ, ಸಾರ್ವಜನಿಕವಾಗಿ ಅಲ್ಲ. ಅವನದ್ದು ಬರೀ 'ಕಿರ್'. ಒಂದೇ ಸೀಟು, ಮಗಳ ಸೀಟು, ಅಪ್ಪನ ಗಂಟಲಿಗೆ ಸಿಕ್ಕಿಕೊಂಡು ಹೋಗುವುದೇ?

ಸಂಜೆಯೊಳಗೆ ಅವನು ಬೀದಿಯ ಹದಿನೇಳು ಮನೆ ಹತ್ತಿಳಿದ. ಯಾವುದೋ ಕಾಲದಲ್ಲಿ ಅವರೆಲ್ಲರ ಬಾಗಿಲನ್ನೂ ಅವನು ತೆಗೆದುಕೊಟ್ಟವನೇ. ಈಗ ಅವರು ಬಾಯಿ ತೆಗೆಯಬೇಕಿತ್ತು. ಮೂವತ್ತೇಳು ಜನ ಒಪ್ಪಿದರು. ಮಾರ್ಕೆಟ್ ಹಿಂದಿನ ಬೀದಿಯಿಂದ ಅವನ ಅಕ್ಕನೂ ಬಂದಳು. ಅಕ್ಕನ ಗಂಟಲಿಗೆ ಚರಿತ್ರೆಯಿದೆ. ಅವಳು ಮೊಮ್ಮಗನನ್ನು ಊಟಕ್ಕೆ ಕರೆದರೆ ಮೂರು ಬೀದಿಯ ಮಕ್ಕಳು ಮನೆಗೆ ಓಡುತ್ತವೆ.

"ಲೋ, ಇದಕ್ಕೆ ಇಷ್ಟು ಜನ ಯಾಕೋ? ನಾನೊಬ್ಬಳು ಸಾಲಲ್ವಾ?" ಎಂದಳು ಅಕ್ಕ, ಸ್ವಲ್ಪ ಬೇಜಾರಿನಿಂದ.

"ಪುಟ್ಟಿಗೆ ಮಾತ್ರ ಹೇಳ್ಬೇಡ ಅಕ್ಕ. ಅವಳಿಗೆ ಆಶ್ಚರ್ಯ ಆಗಬೇಕು" ಎಂದ ಬೀಗಣ್ಣ. ಆ ಆಸೆ ಪೂರ್ತಿ ನೆರವೇರಿತು ಎಂದು ಇಲ್ಲೇ ಹೇಳಿಬಿಡಬಹುದು.

ಗುರುವಾರ ಸಂಜೆ ಟೆರೇಸಿನ ಮೇಲೆ ಅಭ್ಯಾಸ. ಮೇಷ್ಟ್ರು ಎಲ್ಲರನ್ನೂ ದನಿಯ ಪ್ರಕಾರ ಮೂರು ಸಾಲು ನಿಲ್ಲಿಸಿದರು. ಕಿರುಚಲಾರದ ಬೀಗಣ್ಣ ನಾಯಕನಾದ. ಅವನು ಬೀಗದ ಕೈಗೊಂಚಲು ಝಣಝಣ ಅಲ್ಲಾಡಿಸಿದ ಕೂಡಲೇ ಎಲ್ಲರೂ ಒಟ್ಟಿಗೆ ಕಿರುಚಬೇಕು, ಕೈ ಮುಷ್ಟಿ ಮಾಡಿದರೆ ನಿಲ್ಲಿಸಬೇಕು.

ಮೊದಲನೆಯ ಝಣಝಣಕ್ಕೆ ತಂತಿಯ ಮೇಲಿದ್ದ ಕಾಗೆಗಳೆಲ್ಲ ಹಾರಿದವು. ಎರಡನೆಯದಕ್ಕೆ ಎದುರು ಬಿಲ್ಡಿಂಗಿನ ಕಿಟಕಿಗಳು ತೆರೆದವು. ಮೂರನೆಯದಕ್ಕೆ ಪೊಲೀಸ್ ಕಾನ್‌ಸ್ಟೇಬಲ್ ಮೆಟ್ಟಿಲು ಹತ್ತಿ ಬಂದ.

"ಏನ್ರೀ ನಡೀತಿದೆ ಇಲ್ಲಿ? ಕೊಲೆ ಆಗ್ತಿದೆ ಅಂತ ನಾಲ್ಕು ಫೋನು ಬಂತು!"

"ಕಿರುಚಾಟದ ಅಭ್ಯಾಸ ಸರ್" ಎಂದ ಬೀಗಣ್ಣ, ಕೈಗೊಂಚಲು ಬೆನ್ನ ಹಿಂದೆ ಅಡಗಿಸಿ. "ನನ್ನ ಮಗಳ ಸೀಟಿನ ವಿಷಯ." ಎಂದು ಎಲ್ಲವನ್ನೂ ಹೇಳಿದ. ಮೇಷ್ಟ್ರು ಆಜ್ಞಾರ್ಥವನ್ನೂ ತ್ರಾಣವನ್ನೂ ವಿವರಿಸಿದರು. ಕಾನ್‌ಸ್ಟೇಬಲ್ ಟೋಪಿ ತೆಗೆದು ಯೋಚಿಸಿದ.

"ಇನ್ನೊಂದ್ಸಲ ಕಿರುಚಿ, ನೋಡೋಣ."

ಕಿರುಚಿದರು.

"ಊಹೂಂ. ಸಾಲದು" ಎಂದು ತಲೆಯಾಡಿಸಿದ. "ಹದಿನಾಲ್ಕು ವರ್ಷದಿಂದ ನಿಜವಾದ ಕಿರುಚಾಟ ಕೇಳಿರೋನು ನಾನು. ನೀವು ಬಾಯಿಂದ ಕಿರುಚ್ತಿದ್ದೀರಿ. ಹೊಟ್ಟೆಯಿಂದ ಬರಬೇಕು. ಆ ಮೇಡಂ ಒಬ್ಬರದ್ದು ಪರವಾಗಿಲ್ಲ." ಆ ಮೇಡಂ ಅಂದರೆ ಅಕ್ಕ. ಅವಳು ಸೆರಗು ಸರಿಮಾಡಿಕೊಂಡಳು. ಅರ್ಧ ಗಂಟೆ ಪಾಠ ಹೇಳಿ ಕಾನ್‌ಸ್ಟೇಬಲ್, "ಭಾನುವಾರ ನನಗೆ ರಜ, ಮನೆಯವಳನ್ನೂ ಕರ್ಕೊಂಡು ಬರ್ತೀನಿ" ಎಂದು ಇಳಿದುಹೋದ. ಅಲ್ಲಿಗೆ ನಲವತ್ತಾಯಿತು.

ಭಾನುವಾರ ಹತ್ತೂವರೆಗೇ ಬೀಗಣ್ಣನ ಪಡೆ ಲೈಬ್ರರಿ ಹಾಲ್‌ನ ನಡುವಿನ ನಾಲ್ಕು ಸಾಲು ಹಿಡಿದು ಕೂತಿತು. ಮುಂದಿನ ಮೇಜಿನಲ್ಲಿ ಮೂವರು ತೀರ್ಪುಗಾರರು, ನಡುವೆ ದಪ್ಪ ಕನ್ನಡಕದ ಮೇಡಂ. ಮಗಳು ಹಿಂದೆ, ಗಾಜಿನ ಕಿಟಕಿಯ ಆಪರೇಟರ್ ಕೋಣೆಯಲ್ಲಿ. ಇಷ್ಟೊಂದು ಜನ ತನಗಾಗಿ ಬಂದದ್ದು ಕಂಡು ಅವಳ ಕಣ್ಣು ಅಗಲವಾಯಿತು. ಅಪ್ಪನಿಗೆ ಕೈ ಬೀಸಿದಳು. ಎರಡು ವರ್ಷದಲ್ಲಿ ಅವಳು ಹಾಗೆ ಕೈ ಬೀಸಿದ್ದು ಮೊದಲನೆಯ ಸಲ. ಬೀಗಣ್ಣ ಕೈಗೊಂಚಲು ಬಿಗಿಯಾಗಿ ಹಿಡಿದುಕೊಂಡ.

ಅವಳ ಫಿಲ್ಮ್ ಐದನೆಯದು. ಮೊದಲ ನಾಲ್ಕಕ್ಕೆ ಮೇಷ್ಟ್ರ ಕಟ್ಟಪ್ಪಣೆ: "ಬೇರೆಯವರಿಗೆ ಒಂದು ಕೆಮ್ಮೂ ಕೊಡಬಾರದು. ಅದಕ್ಕೂ ಅಂಕ ಬಿದ್ದೀತು!" ಎರಡನೆಯದು ನಗೆಚಿತ್ರ. ಅದನ್ನು ಮಾಡಿದ ಹುಡುಗಿ ಗೋಡೆಗೆ ಒರಗಿ ಜನ ಯಾವಾಗ ನಗುತ್ತಾರೋ ಎಂದು ಕಾಯುತ್ತಿದ್ದಳು. ಮೇಲಿನ ಮನೆಯ ಇನ್ಶೂರೆನ್ಸ್‌ನವರಿಗೆ ನಗು ತಡೆಯಲಾಗದೆ ಭುಜ ಕುಣಿಯತೊಡಗಿದಾಗ ಅವರ ಹೆಂಡತಿ ಅವರ ಬಾಯಿಗೆ ಕರವಸ್ತ್ರ ತುರುಕಿದಳು. "ಎಷ್ಟು ಶಿಸ್ತಿನ ಪ್ರೇಕ್ಷಕರು!" ಎಂದು ಹಾಲ್ ಮ್ಯಾನೇಜರ್ ತೀರ್ಪುಗಾರರ ಕಿವಿಯಲ್ಲಿ ಹೇಳಿದ.

ಐದನೆಯ ಸಲ ದೀಪ ಆರಿತು. ಪರದೆಯ ಮೇಲೆ 'ಬಾಗಿಲು' ಎಂಬ ಹೆಸರು ಮೆಲ್ಲಗೆ ಮೂಡಿತು. ಸಂಗೀತವಿಲ್ಲ, ಮಾತಿಲ್ಲ. ಒಂದು ಕೈ ಅರ ಹಿಡಿದು ಬೀಗದ ಕೈ ಉಜ್ಜುತ್ತಿತ್ತು, ಅದರ ಸಣ್ಣ ಸದ್ದು ಮಾತ್ರ.

"ನನ್ನ ಕೈ ಕಣೇ!" ಎಂದ ಬೀಗಣ್ಣ ಹೆಂಡತಿಗೆ. ಸಂಭ್ರಮ ತಡೆಯಲಾಗಲಿಲ್ಲ. ಎದ್ದು ನಿಂತು ಝಣಝಣ ಅಲ್ಲಾಡಿಸಿದ.

ನಲವತ್ತು ಜನ ಹೊಟ್ಟೆಯಿಂದ ಕಿರುಚಿದರು. ಅಕ್ಕ ಮೊದಲೇ ಶುರು ಮಾಡಿ ಎಲ್ಲರಿಗಿಂತ ಮೇಲೆ ಹೋದಳು. ಉಳಿದ ಪ್ರೇಕ್ಷಕರು, ಏನು ಎತ್ತ ತಿಳಿಯದವರು, ನಿಜವಾಗಿಯೇ ಕಿರುಚಿದರು. ಅದು ಅಭ್ಯಾಸ ಮಾಡಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಕುರ್ಚಿಗಳು ಉರುಳಿದವು. "ಬೆಂಕಿ!" ಎಂದರು ಒಬ್ಬರು, "ಹಾವು!" ಎಂದರು ಇನ್ನೊಬ್ಬರು, ಎರಡನ್ನೂ ನಂಬಿದವರು ಕುರ್ಚಿಯ ಮೇಲೆ ಹತ್ತಿ ಅಲ್ಲಿಂದ ಓಡಿದರು. ಮೂವರು ತೀರ್ಪುಗಾರರೂ ವೇದಿಕೆಯ ಪಕ್ಕದ ಕೋಣೆಗೆ ನುಗ್ಗಿ ಬಾಗಿಲು ಎಳೆದುಕೊಂಡರು. ದೀಪ ಹತ್ತಿತು. ಬೀಗಣ್ಣ ಮುಷ್ಟಿ ಮಾಡಿದ. ಪಡೆ ಟಕ್ಕೆಂದು ನಿಂತಿತು.

"ಇಪ್ಪತ್ತೈದಕ್ಕೆ ಇಪ್ಪತ್ತೈದು!" ಎಂದರು ಮೇಷ್ಟ್ರು.

ಹಿಂದಿನಿಂದ ಮಗಳು ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು. "ಅಪ್ಪ! ಏನಾಯ್ತು? ಯಾಕೆ ಕಿರುಚಿದ್ರಿ?"

"ನಿನಗೋಸ್ಕರ ಪುಟ್ಟಿ! ಪೋಸ್ಟರಲ್ಲೇ ಇದೆಯಲ್ಲ. ಬನ್ನಿ, ನೋಡಿ, ಕಿರುಚಿ!"

ಮಗಳು ಬಾಗಿಲ ಪಕ್ಕದ ಪೋಸ್ಟರ್ ನೋಡಿದಳು. ಅಪ್ಪನನ್ನು ನೋಡಿದಳು. ಮತ್ತೆ ಪೋಸ್ಟರ್ ನೋಡಿದಳು. "ಕಿರು... ಚಿತ್ರ... ಉತ್ಸವ, ಅಪ್ಪ" ಎಂದಳು ಒಂದೊಂದೇ ಪದವಾಗಿ. "ಕಿರು ಅಂದ್ರೆ ಚಿಕ್ಕದು. ಚಿಕ್ಕ ಚಿತ್ರ."

ಮೇಷ್ಟ್ರು ಕುರ್ಚಿಯಲ್ಲಿ ಜಾರಿ ಜಾರಿ ಕೊನೆಗೆ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು. "ಚಿತ್ರ, ಉತ್ಸವ... ಗುಣಸಂಧಿ" ಎಂದು ಅಲ್ಲಿಂದ ಸಣ್ಣ ದನಿ ಬಂತು.

ಹಾಲ್ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಬಂದ. "ಯಾರ ಫಿಲ್ಮ್ ರೀ ಇದು? ಪಟ್ಟಿಯಿಂದ ಹೊಡೆದು ಹಾಕ್ತೀನಿ! ತೀರ್ಪುಗಾರರು ಒಳಗೆ ಸಿಕ್ಕಾಕ್ಕೊಂಡಿದ್ದಾರೆ. ಆ ಬಾಗಿಲು ಎಳೆದ್ರೆ ತಾನೇ ಲಾಕ್ ಆಗುತ್ತೆ, ಕೀ ಕಳೆದು ನಾಲ್ಕು ವರ್ಷ ಆಯ್ತು!"

ಮಗಳ ತುಟಿ ನಡುಗಿತು. ಅಳು ಬರುವ ಮೊದಲು ಚಿಕ್ಕಂದಿನಲ್ಲೂ ಅವಳ ತುಟಿ ಹಾಗೇ ನಡುಗುತ್ತಿತ್ತು. ಬೀಗಣ್ಣ ನೆಲ ನೋಡಿದ. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ.

"ನನಗೆ ಗೊತ್ತಿರಲಿಲ್ಲ, ಪುಟ್ಟಿ."

ಹೆಂಡತಿ ತನ್ನ ತೋಳನ್ನು ತಾನೇ ಚಿವುಟಿಕೊಂಡಳು. "ಏನಂದ್ರಿ? ಇನ್ನೊಂದ್ಸಲ ಹೇಳಿ!"

"ಗೊತ್ತಿರಲಿಲ್ಲ ಕಣೇ. ಅವಳು ಹೇಳೋಕೆ ಬಂದಳು, ನಾನೇ ಬಾಯಿ ಮುಚ್ಚಿಸಿದೆ. ಗೊತ್ತಿಲ್ಲ ಅಂದಿದ್ರೆ ಇದೆಲ್ಲ ಆಗ್ತಾನೇ ಇರಲಿಲ್ಲ." ಮ್ಯಾನೇಜರ್ ಕಡೆ ತಿರುಗಿದ. "ಸ್ವಾಮಿ, ಈ ಬಾಗಿಲು ನಾನು ತೆಗೀತೀನಿ. ಅವಳ ಫಿಲ್ಮ್ ಮಾತ್ರ ಹೊಡೆದು ಹಾಕ್ಬೇಡಿ. ತಪ್ಪು ನನ್ನದು, ಅವಳದ್ದಲ್ಲ."

"ಮೊದಲು ತೆಗೀರಿ, ಆಮೇಲೆ ಮಾತು!"

ಪಕ್ಕದ ಕೋಣೆಯ ಬಾಗಿಲು ಒಳಗಿನಿಂದ ಧಡಧಡ ಸದ್ದು ಮಾಡುತ್ತಿತ್ತು. ಬೀಗಣ್ಣ ಜೇಬಿನಿಂದ ತಂತಿ ತೆಗೆದ. ಬೀಗ ಹಳೆಯದು, ಅವನಿಗೆ ಅರ್ಧ ನಿಮಿಷದ ಕೆಲಸ. ತಂತಿ ತೂರಿಸುವ ಮೊದಲು ಒಂದು ಗಳಿಗೆ ನಿಂತ. ಬಾಗಿಲು ತಟ್ಟಿದ. ಟಕ್, ಟಕ್.

ಒಳಗಿನ ಧಡಧಡ ನಿಂತಿತು. "ಯಾರದು?"

"ಬೀಗದವನು ಮೇಡಂ. ಬಾಗಿಲು ತೆಗೀಬಹುದಾ?"

"ತೆಗೀರಿ ಅಂತಲೇ ಬಡ್ಕೋತಾ ಇದ್ದೀವಲ್ರೀ! ಅದರಲ್ಲಿ ಕೇಳೋದೇನಿದೆ?"

"ಅಭ್ಯಾಸ ಮೇಡಂ."

ಬಾಗಿಲು ತೆರೆಯಿತು. ದಪ್ಪ ಕನ್ನಡಕದ ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಡೆದದ್ದನ್ನೆಲ್ಲ ಕೇಳಿದರು. ನಗಲಿಲ್ಲ, ಸಿಟ್ಟಾಗಲಿಲ್ಲ. "ಫಿಲ್ಮನ್ನು ಮೊದಲಿನಿಂದ ಹಾಕಿ. ಹದಿನೈದು ಸೆಕೆಂಡು ನೋಡಿ ತೀರ್ಪು ಕೊಡೋಕಾಗುತ್ತಾ?" ಎಂದು ಕೂತರು. ಆಚೆ ಓಡಿದ್ದವರು ಬಾಗಿಲ ಹತ್ತಿರದ ಕುರ್ಚಿಗಳನ್ನೇ ಆರಿಸಿಕೊಂಡು ವಾಪಸ್ ಬಂದರು.

ಈ ಸಲ ನಲವತ್ತು ಜನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಅಕ್ಕ ಎರಡೂ ಕೈ ಇಟ್ಟುಕೊಂಡಿದ್ದಳು.

ಪರದೆಯ ಮೇಲೆ ಕೈಗಳು ಬೀಗ ತೆಗೆದವು. ಪೆಟ್ಟಿಗೆಯ ಬೀಗ, ಗೇಟಿನ ಬೀಗ, ಯಾರದೋ ಮನೆಯ ಮುಂಬಾಗಿಲು. ಎಲ್ಲವೂ ಕ್ಲಿಕ್ ಎಂದು ಬಾಯಿ ಬಿಟ್ಟವು. ಅಪ್ಪನಿಗೆ ತೆರೆಯಲಾಗದ ಬಾಗಿಲೇ ಇಲ್ಲ ಎನ್ನುವ ಹಾಗೆ ಆರು ನಿಮಿಷ ನಡೆಯಿತು. ಕೊನೆಗೆ ಒಂದು ರೂಮಿನ ಒಳಗಿನಿಂದ ಕಾಣುವ ಮುಚ್ಚಿದ ಬಾಗಿಲು. ಬಾಗಿಲಡಿಯ ಸಂದಿನ ಬೆಳಕಿನಲ್ಲಿ ಎರಡು ಪಾದಗಳ ನೆರಳು. ಸಂದಿನಲ್ಲಿ ಕಂಡ ಆ ಹಳೆಯ ಚಪ್ಪಲಿ ಯಾರದೆಂದು ಬೀದಿಗೆಲ್ಲ ಗೊತ್ತಿತ್ತು. ಜೇಬಿನಲ್ಲಿ ಬೀಗದ ಕೈಗಳು ಒಮ್ಮೆ ಸಣ್ಣಗೆ ಸದ್ದು ಮಾಡಿ ಸುಮ್ಮನಾದವು. ನೆರಳು ಅಲ್ಲೇ ನಿಂತಿತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿತು. ಮತ್ತೂ ನಿಂತಿತು. ಆಮೇಲೆ ಮೆಲ್ಲಗೆ, ಟಕ್, ಟಕ್. ಒಂದು ಹುಡುಗಿಯ ಕೈ ಚಿಲಕಕ್ಕೆ ಹೋಯಿತು. ಅಲ್ಲಿಗೆ ಮುಗಿಯಿತು.

"ನಾನು ಅಷ್ಟು ಹೊತ್ತು ನಿಂತಿರ್ತೀನೇನೇ?" ಎಂದು ಬೀಗಣ್ಣ ಹೆಂಡತಿಯನ್ನು ಪಿಸುದನಿಯಲ್ಲಿ ಕೇಳಿದ.

"ದಿನಾ" ಎಂದಳು ಅವಳು. "ನಾವಿಬ್ಬರೂ ನೋಡ್ತಾನೇ ಇರ್ತೀವಿ."

ಬೀಗಣ್ಣನ ಕಣ್ಣು ತುಂಬಿ ಬಂತು. ದೀಪ ಹತ್ತಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬಹುದೋ ಬಾರದೋ ಎಂದು ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಇನ್ನು ಯಾವ ಪದಕ್ಕೂ ಅರ್ಥ ಹೇಳುವ ಸ್ಥಿತಿಯಲ್ಲಿರಲಿಲ್ಲ, ಕನ್ನಡಕ ಒರೆಸುತ್ತಿದ್ದರು. ಕಾನ್‌ಸ್ಟೇಬಲ್ ಮೂಗು ಸೀಟಿದ. ಮುಂದಿನ ಮೇಜಿನಲ್ಲಿ ಮೇಡಂ ಹಿಂದಕ್ಕೆ ತಿರುಗಿ ನಲವತ್ತು ಜನರ ನಡುವೆ ಒಬ್ಬನನ್ನು ಹುಡುಕಿ, "ಅಭ್ಯಾಸ!" ಎಂದರು. ಪ್ರತಿಕ್ರಿಯೆಯ ಕಾಲಮ್ಮಿನಲ್ಲಿ ಏನೋ ಬರೆದು, ಹೊಡೆದು ಹಾಕಿ, ಮತ್ತೆ ಬರೆದರು. ಎಂಟೂ ಫಿಲ್ಮ್ ಮುಗಿದ ಮೇಲೆ, ಫಲಿತಾಂಶ ಬುಧವಾರ ಫೋನಿನಲ್ಲಿ ಎಂದರು.

ಭಾನುವಾರದಿಂದ ಬುಧವಾರಕ್ಕೆ ಮೂರೇ ದಿನ ಎಂದು ಕ್ಯಾಲೆಂಡರ್ ಹೇಳುತ್ತದೆ. ಅದು ಸುಳ್ಳು. ಆ ಮೂರು ದಿನದಲ್ಲಿ ಬೀಗಣ್ಣ ಮೂವರು ಗಿರಾಕಿಗಳಿಗೆ ಒಬ್ಬರ ಕೀ ಇನ್ನೊಬ್ಬರಿಗೆ ಕೊಟ್ಟ. ಫಲಿತಾಂಶ ಏನಾಗಬಹುದು ಎಂದು ಕೇಳಿದವರಿಗೆಲ್ಲ, "ಗೊತ್ತಿಲ್ಲಪ್ಪ" ಎಂದ. ಕೇಳಿದವರು ಅವನಿಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡಿದರು.

ಬುಧವಾರ ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೇಲಿನಿಂದ ಮಗಳು ಕಿರುಚಿದ್ದು ಕೇಳಿಸಿತು.

ಬೀಗಣ್ಣ ಅರ ಎಸೆದು ಎರಡೆರಡು ಮೆಟ್ಟಿಲು ಹಾರಿದ. ಕೈಯಲ್ಲಿ ಕೈಗೊಂಚಲು. ರೂಮಿನ ಬಾಗಿಲು ಹಾಕಿತ್ತು. ನಿಂತ. ಏದುಸಿರು ಬಿಡುತ್ತ ತಟ್ಟಿದ. ಟಕ್, ಟಕ್.

ಬಾಗಿಲು ದಡಾರೆಂದು ತೆರೆದು ಮಗಳು ಅವನ ಕುತ್ತಿಗೆಗೆ ಜೋತುಬಿದ್ದಳು. "ಸಿಕ್ತು ಅಪ್ಪ! ಸೀಟು ಸಿಕ್ತು! ಪ್ರತಿಕ್ರಿಯೆಗೆ ಇಪ್ಪತ್ತೈದಕ್ಕೆ ಇಪ್ಪತ್ತೈದಂತೆ! ಕಿರುಚಿದ್ದಕ್ಕಲ್ಲ, ಆಮೇಲೆ ಸುಮ್ಮನಿದ್ದಿರಲ್ಲ, ಅದಕ್ಕಂತೆ!"

ಬೀಗಣ್ಣ ಬಾಯಿ ತೆರೆದ. 'ಕಿರ್' ಎಂದಿತು. ಮುಚ್ಚಿದ.

"ಯಾಕೆ ಸುಮ್ಮನೆ ನಿಂತಿದ್ದೀರಿ?" ಮಗಳು ಅವನ ಕೈಯಿಂದ ಕೈಗೊಂಚಲು ಕಿತ್ತುಕೊಂಡು ತಲೆಯ ಮೇಲೆ ಎತ್ತಿದಳು. ಝಣಝಣ ಅಲ್ಲಾಡಿಸಿದಳು. "ಕಿರುಚಿ, ಅಪ್ಪಾ! ಕಿರುಚಿ!"

ಮೂವತ್ತು ವರ್ಷದ ಬೀಗ ಕಳಚಿತು. ಹೊಟ್ಟೆಯಿಂದ ಎದ್ದ ಆ ಕೂಗಿಗೆ ಅಂಗಡಿಯ ಗೋಡೆಯ ಕೀಗಳೆಲ್ಲ ಅದುರಿದವು. ಅಡುಗೆಮನೆಯಿಂದ ಹೆಂಡತಿ ಕಿರುಚಿದಳು, ಮೇಲಿನ ಮನೆಯಿಂದ ಇನ್ಶೂರೆನ್ಸ್‌ನವರು ಕಿರುಚಿದರು, ಮಾರ್ಕೆಟ್ ಹಿಂದಿನಿಂದ ಅಕ್ಕ ಯಾಕೆಂದು ಕೇಳದೆಯೇ ಕಿರುಚಿದಳು. ಪಕ್ಕದ ಮನೆಯ ಮೇಷ್ಟ್ರು ಪೇಪರ್ ಕೆಳಗಿಟ್ಟು ಜಗುಲಿಗೆ ಓಡಿ ಬಂದರು.

"ನಾನು ಹೇಳಿರಲಿಲ್ವೇನ್ರೀ?" ಎಂದು ಕೂಗಿದರು. "ಇದೇ ನೋಡಿ ತ್ರೋತ್ಸವ!"